ಯುಪಟೋರಿಯಂ ಹೊಕ್ಕ ಬೇಣದಲ್ಲಿ ಗಿಡ್ಡ ದನ: 22 ತಿಂಗಳ ಕೆಲಸ, ಖರ್ಚು, ತಪ್ಪುಗಳು

ನಮ್ಮ ಬೇಣ 5 ಎಕರೆ. ಶಿರಸಿಯಿಂದ ಸಿದ್ದಾಪುರದ ಕಡೆಗೆ ಹೋಗುವಾಗ ಸಿಗುವ ಒಂದು ಸಣ್ಣ ಊರಿನಲ್ಲಿ, ಅಡಿಕೆ ತೋಟದ ನೆತ್ತಿಗೆ ಹೊಂದಿಕೊಂಡಿದೆ. ಹೊರಗಿನವರಿಗಾಗಿ ಒಂದು ವಿವರ: ಬೆಟ್ಟ ಎಂದರೆ ಸೊಪ್ಪಿಗೆಂದು ತೋಟದವರಿಗೆ ಬಿಟ್ಟುಕೊಟ್ಟ ಕಾಡು. ಒಂದು ಎಕರೆ ತೋಟಕ್ಕೆ 9 ಎಕರೆಯವರೆಗೂ ಬ್ರಿಟಿಷರ ಕಾಲದಲ್ಲೇ ಆ ಸವಲತ್ತು ಸಿಕ್ಕಿತ್ತು. ಬೇಣ ಹಾಗಲ್ಲ, ಅದು ಹುಲ್ಲಿನ ಜಾಗ. ಅಲ್ಲೊಂದು ಕೌಲು, ಇಲ್ಲೊಂದು ನೆಲ್ಲಿ, ಅಂಚಿನಲ್ಲಿ ನಾಲ್ಕಾರು ಮತ್ತಿ, ಉಳಿದದ್ದೆಲ್ಲ ಹುಲ್ಲು. ನಮ್ಮದು ಮಾಲ್ಕಿ (ಸ್ವಂತ ಒಡೆತನದ) ಜಮೀನು, ಹಾಗಾಗಿ ಪರವಾನಗಿಯ ತೊಡಕು ಇರಲಿಲ್ಲ.

ನಾನು ಚಿಕ್ಕವಳಿದ್ದಾಗ ದೀಪಾವಳಿ ಕಳೆದ ಮೇಲೆ ಇಲ್ಲಿ ಕರಡ ಕೊಯ್ಯುತ್ತಿದ್ದರು. ಕರಡ ಎಂದರೆ ಬೆಳೆದು ಒಣಗಿದ ಹುಲ್ಲು. ಕೊಯ್ಲು ಮುಗಿದ ಮರುದಿನವೇ ದಣಪೆ (ಬೇಲಿಯ ಬಾಗಿಲು) ತೆಗೆದು ಊರ ದನಗಳನ್ನು ಬಿಡುತ್ತಿದ್ದರು. ಆಷಾಢದಲ್ಲಿ ನೆಲದ ಆರ್ಕಿಡ್ ಬಿಳಿಯಾಗಿ ಅರಳುತ್ತಿತ್ತು, ಆಮೇಲೆ ಗೌರಿ ಹೂ. ಮೊಲ ಕಾಲಬುಡದಿಂದಲೇ ಹಾರಿ ಓಡುತ್ತಿತ್ತು. ಕೊಟ್ಟಿಗೆಗೆ ಜರ್ಸಿ ಬಂದ ಮೇಲೆ ಮಲೆನಾಡಿನ ಕುಳ್ಳ ತಳಿಯಾದ ಗಿಡ್ಡ ದನಗಳು ಕರಗಿದವು. ಜರ್ಸಿ ಗುಡ್ಡ ಹತ್ತುವುದಿಲ್ಲ. ದನ ಬಾರದ ಬೇಣಕ್ಕೆ ಯುಪಟೋರಿಯಂ ಎಂಬ ಕಳೆಗಿಡ ಬಂತು. 2023ರ ಆರಂಭದಲ್ಲಿ ಹಗ್ಗ ಹಿಡಿದು ಅಳೆದಾಗ 5 ಎಕರೆಯಲ್ಲಿ 3 ಎಕರೆ, ಅಂದರೆ 120 ಗುಂಟೆ, ಅದರ ವಶವಾಗಿತ್ತು. ಆಳೆತ್ತರದ ಗಿಡ, ಒಳಗೆ ನಡೆಯಲೂ ಜಾಗವಿಲ್ಲ, ಅಡಿಯಲ್ಲಿ ಒಂದೆಳೆ ಹುಲ್ಲಿಲ್ಲ.

ದನ ಮೇಯಿಸಿಯೇ ಹುಲ್ಲನ್ನು ವಾಪಸು ತರಬೇಕೆಂದು ಹೊರಟೆ. ನಡೆದದ್ದನ್ನು ಕ್ರಮವಾಗಿ ಬರೆಯುತ್ತಿದ್ದೇನೆ. ಇಂಥದ್ದೇ ಜಾಗ ಇರುವವರು ನಾನು ಕಳೆದುಕೊಂಡ ಹಣವನ್ನು ಮತ್ತೆ ಕಳೆದುಕೊಳ್ಳಬಾರದು.

1. 2023 ಫೆಬ್ರವರಿ 12, ಭಾನುವಾರ: 22 ಜನ, ಒಂದು ದಿನ

ಶಿರಸಿ ಮತ್ತು ಕುಮಟಾದ ಕಾಲೇಜು ವಿದ್ಯಾರ್ಥಿಗಳು, ಹುಬ್ಬಳ್ಳಿಯಿಂದ ಒಂದು ಗುಂಪು, ಒಟ್ಟು 22 ಸ್ವಯಂಸೇವಕರು ಬಂದರು. ಕುಡುಗೋಲು, ಕತ್ತಿ, ಕೈಗವಸು. ಬೆಳಿಗ್ಗೆ 8ರಿಂದ ಮಧ್ಯಾಹ್ನ 3ರವರೆಗೆ ಕಡಿದೆವು. ಟೆಂಪೋ 3,200 ರೂ., ಊಟ ತಿಂಡಿ 2,900, ಕೈಗವಸು ಮತ್ತು ಹತ್ಯಾರು 1,500. ಒಟ್ಟು 7,600 ರೂ. ಸಂಜೆ ನೋಡಿದರೆ ಅರ್ಧ ಎಕರೆ ಬಯಲಾಗಿತ್ತು. ಎಲ್ಲರೂ ಸಂತೋಷದಿಂದ ಹಿಂದಿರುಗಿದರು.

ಆ ದಿನದ ತಪ್ಪುಗಳು ಮೂರು. ಬುಡ ಕೀಳದೆ ಮೊಣಕಾಲೆತ್ತರಕ್ಕೆ ಕಡಿದೆವು. ಮಳೆ ಬಿದ್ದು ಮೂರು ವಾರದಲ್ಲಿ ಒಂದೊಂದು ಬುಡದಿಂದ ನಾಲ್ಕೈದು ಚಿಗುರು ಎದ್ದವು, ಮೊದಲಿಗಿಂತ ದಟ್ಟವಾಗಿ. ಎರಡನೆಯದು ಕಾಲದ ತಪ್ಪು. ಡಿಸೆಂಬರ್, ಜನವರಿಯಲ್ಲಿ ಹೂ ಬಿಟ್ಟ ಗಿಡ ಫೆಬ್ರವರಿಯಲ್ಲಿ ಬೀಜ ಹಾರಿಸುತ್ತದೆ. ನಯವಾದ ಬಿಳಿ ಕುಚ್ಚಿನ ಬೀಜ ಎಲ್ಲರ ತಲೆಗೂದಲಿಗೆ, ಅಂಗಿಗೆ ಮೆತ್ತಿಕೊಂಡು ಬೇಣದ ಚೊಕ್ಕ ಭಾಗಕ್ಕೂ, ಟೆಂಪೋ ನಿಂತ ಜಾಗಕ್ಕೂ ಹೋಯಿತು. ಈಗ ದಾರಿಯಂಚಿನಲ್ಲಿ ಇರುವ ಸಾಲನ್ನು ನಾವೇ ಬಿತ್ತಿದ್ದು. ಮೂರನೆಯದು ಹೆಚ್ಚು ನೋಯಿಸಿತು: ಗುರುತು ಸಿಗದೆ ಕೌಲು, ನೆಲ್ಲಿಯ ಎಳೆ ಗಿಡಗಳನ್ನೂ ಕಡಿದಿದ್ದರು. 17 ಬುಡ ಎಣಿಸಿದೆ. ಬಂದವರ ತಪ್ಪಲ್ಲ, ಮೊದಲೇ ಬಣ್ಣದ ಬಟ್ಟೆ ಕಟ್ಟಿಡದ ನನ್ನ ತಪ್ಪು.

2. 2023 ಮಾರ್ಚ್: ಸೋಲಾರ್ ಬೇಲಿ

ಬೇಣವನ್ನು ನಾಲ್ಕು ಖಂಡ ಮಾಡಿ, ಒಂದೊಂದರಲ್ಲಿ ಹತ್ತು ದಿನ ಮೇಯಿಸಿ, ದನಗಳನ್ನು ಮುಂದಿನದಕ್ಕೆ ಸಾಗಿಸುವುದು ಯೋಜನೆ. ಮೊದಲು ಎರಡು ಖಂಡಕ್ಕೆ ಬೇಲಿ ಹಾಕಿದೆವು. ಎನರ್ಜೈಸರ್ (ತಂತಿಗೆ ವಿದ್ಯುತ್ ಮಿಡಿತ ಕೊಡುವ ಯಂತ್ರ), ಬ್ಯಾಟರಿ, 40 ವ್ಯಾಟ್‌ ಪ್ಯಾನೆಲ್ 11,500. ತಂತಿ 30 ಕಿಲೋ 2,850. ಇನ್ಸುಲೇಟರ್ ವಗೈರೆ 1,600. ಕಂಬಕ್ಕೆ ನಮ್ಮದೇ ತೋಟದ ಅಡಿಕೆ ದಬ್ಬೆ 110, ಸೀಳಿ ಹುಗಿಯಲು ಕೂಲಿ 1,800. ಅರ್ಥಿಂಗ್ ಸರಳು ಮತ್ತು ಚಿಲ್ಲರೆ ಸಾಮಾನು 2,100. ಒಟ್ಟು 19,850 ರೂ.

ಮೊದಲ ದಿನವೇ ದನಗಳು ಬೇಲಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಮೀಟರ್ ಹಿಡಿದರೆ 2.1 ಕಿಲೋವೋಲ್ಟ್. ಸರಳನ್ನು ಒಣ ಜಂಬಿಟ್ಟಿಗೆ ನೆಲದಲ್ಲಿ ಹುಗಿದಿದ್ದೆವು. ಮಾರ್ಚ್ ಬಿಸಿಲಿನಲ್ಲಿ ಅಲ್ಲಿ ಹನಿ ತೇವ ಇರುವುದಿಲ್ಲ. ಉಪ್ಪು, ಇದ್ದಿಲು ಹಾಕಿ ನೀರು ಹೊಯ್ದರೂ ಎರಡು ದಿನ ಮಾತ್ರ ಬಾಳಿತು. ಕೊನೆಗೆ ಮೂರೂ ಸರಳುಗಳನ್ನು ತೋಟದ ಕಾಲುವೆಯ ಪಕ್ಕ ಇಳಿಸಿ ಅಲ್ಲಿಂದ ತಂತಿ ಎಳೆದ ಮೇಲೆ 5.8ಕ್ಕೆ ಏರಿತು.

ಆದರೂ ದನ ದಾಟಿದವು. ಕೆಳಗಿನ ತಂತಿ ಎರಡೂವರೆ ಅಡಿಯಲ್ಲಿತ್ತು. ಮಲೆನಾಡು ಗಿಡ್ಡ ನಿಂತರೆ ಹೆಚ್ಚೆಂದರೆ ಮೂರಡಿ, ತಲೆ ತಗ್ಗಿಸಿದರೆ ಅದರ ಬೆನ್ನೂ ತಂತಿಗೆ ತಾಗದು. ತಂತಿಗಳನ್ನು ಒಂದೂವರೆ ಮತ್ತು ಎರಡೂಮುಕ್ಕಾಲು ಅಡಿಗೆ ಇಳಿಸಿದೆ, ಆಗ ನಿಂತವು. ಮಳೆಗಾಲದಲ್ಲಿ ಹುಲ್ಲು ಬೆಳೆದು ಕೆಳತಂತಿಗೆ ತಾಗಿ ಬ್ಯಾಟರಿ ರಾತ್ರಿಯೊಳಗೆ ಬರಿದಾಗತೊಡಗಿತು. ಹದಿನೈದು ದಿನಕ್ಕೊಮ್ಮೆ ತಂತಿಯಡಿ ಹುಲ್ಲು ಸವರಲು ಆಳು ಬೇಕು. ಈಗ ಅದನ್ನು ಬಿಚ್ಚಿ ತೋಟದ ಅಂಚಿಗೆ, ಹಂದಿ ಬಾರದಂತೆ, ಹಾಕಿದ್ದೇವೆ.

3. 2023 ಜೂನ್ ಕೊನೆಯಿಂದ ಅಕ್ಟೋಬರ್: ಬೇಗ ಬಿಟ್ಟ ದನ

ನಮ್ಮ 5, ಪಕ್ಕದ ನಾಲ್ಕು ಮನೆಗಳ 9, ಒಟ್ಟು 14 ದನ. ಆ ವರ್ಷ ಮಳೆ ತಡವಾಯಿತು. ಮೊದಲ ಹಸಿರು ಕಂಡ ಕೂಡಲೇ, ಜೂನ್ 28ರಂದು, ದಣಪೆ ತೆಗೆದೆ. ದನಗಳು ಎಳೆ ಹುಲ್ಲನ್ನು ಬೇರುಸಮೇತ ಕಿತ್ತವು, ಗೊರಸಿಗೆ ಸಿಕ್ಕ ನೆಲ ಕೆಸರಾಯಿತು. ಆಗಸ್ಟ್ ಇಡೀ ಮಳೆಯಿಲ್ಲದೆ ಒಣಗಿತು. ಸೆಪ್ಟೆಂಬರಿಗೆ ಹುಲ್ಲಿರಬೇಕಾದ ಕಡೆ ಚಗಟೆ ಕಳೆ ನಿಂತಿತ್ತು. ಚಗಟೆಯನ್ನು ದನ ಮುಟ್ಟುವುದಿಲ್ಲ, ಯುಪಟೋರಿಯಂ ಅನ್ನೂ ಮುಟ್ಟುವುದಿಲ್ಲ. ದನವೇ ಕಳೆಯನ್ನು ತಿಂದು ಮುಗಿಸುತ್ತದೆ ಎಂದು ಈ ಕೆಲಸಕ್ಕೆ ಇಳಿಯುವವರು ಆ ಆಸೆ ಬಿಡಬೇಕು. ಕಳೆಯನ್ನು ಮನುಷ್ಯರೇ ಕೀಳಬೇಕು. ಕಿತ್ತ ಜಾಗವನ್ನು ಹುಲ್ಲಿನ ಕೈಯಲ್ಲಿ ಉಳಿಸುವುದಷ್ಟೇ ದನದ ಕೆಲಸ.

ಕಳೆಯ ಎಣಿಕೆಯನ್ನು ಸ್ವಯಂಸೇವಕರಲ್ಲಿ ಉಳಿದ ಐವರು ವಹಿಸಿಕೊಂಡರು. ಅರ್ಧ ಇಂಚಿನ ಪಿವಿಸಿ ಪೈಪಿನ ನಾಲ್ಕು ತುಂಡು, ಒಂದೊಂದು ಒಂದು ಮೀಟರ್, ನಾಲ್ಕು ಎಲ್ಬೋ, ಖರ್ಚು 160 ರೂ. ಗೆರೆ ಹಿಡಿದು ನಡೆಯುತ್ತ ಪ್ರತಿ 20 ಹೆಜ್ಜೆಗೆ ಚೌಕ ಇಟ್ಟು, ಒಳಗಿರುವ ಯುಪಟೋರಿಯಂ ಬುಡ ಎಣಿಸಿ ಬರೆದುಕೊಳ್ಳುವುದು. ಒಟ್ಟು 30 ಕಡೆ. ಮೇ ತಿಂಗಳಲ್ಲಿ ಚದರ ಮೀಟರಿಗೆ ಸರಾಸರಿ 4.2 ಬುಡ ಇತ್ತು. ಅಕ್ಟೋಬರಿನಲ್ಲಿ 5.1. ಸುಮಾರು 27,000 ರೂ. ಖರ್ಚಾದ ಮೇಲೆ ಕಳೆ ಹೆಚ್ಚಾಗಿತ್ತು.

ಆ ದಿನಗಳಲ್ಲಿ ಒಬ್ಬ ಸ್ವಯಂಸೇವಕ ನೇರವಾಗಿ ಕೇಳಿದ: ದನವೇ ಕಾಡಿಗೆ ಶತ್ರು ಎಂದು ಓದಿದ್ದೇವೆ, ನಾವು ಮಾಡುತ್ತಿರುವುದು ಸರಿಯೇ? ಕಾಡಿನೊಳಗೆ ಬೇಕಾಬಿಟ್ಟಿ ಮೇಯಿಸಿದರೆ ಸಸಿ ಉಳಿಯುವುದಿಲ್ಲ, ನಿಜ. ನಮ್ಮಲ್ಲೂ ಹೊನ್ನೆ, ಮತ್ತಿಯ ಸಸಿಗಳ ಸುತ್ತ ಮುಳ್ಳು ಕಟ್ಟಬೇಕಾಯಿತು. ಆದರೆ ರಾಜಸ್ಥಾನದ ಭರತಪುರದ ಕೇವಲಾದೇವ್ ಪಕ್ಷಿಧಾಮದ ಕಥೆಯನ್ನು ಅವನಿಗೆ ಹೇಳಿದೆ. 1982ರಲ್ಲಿ ಅಲ್ಲಿ ಎಮ್ಮೆ ಮೇಯಿಸುವುದನ್ನು ನಿಲ್ಲಿಸಿದರು. ಗಲಾಟೆಯಾಗಿ ಪೊಲೀಸರ ಗುಂಡಿಗೆ ಜನ ಸತ್ತರು. ಆಮೇಲೆ ತಿನ್ನುವವರಿಲ್ಲದ ಪ್ಯಾಸ್ಪಲಮ್ ಹುಲ್ಲು ನೀರಿನ ಮೇಲೆಲ್ಲ ಹಬ್ಬಿ ಕೆರೆಗಳನ್ನೇ ಉಸಿರುಗಟ್ಟಿಸಿತು. ಮೇಯುವ ಪ್ರಾಣಿಯ ಮೇಲೆ ನಿಂತ ಜಾಗದಿಂದ ಆ ಪ್ರಾಣಿಯನ್ನು ತೆಗೆದರೆ ಆ ಜಾಗ ಉಳಿಯುವುದಿಲ್ಲ. ನಮ್ಮ ಬೇಣವೂ ಅಂಥದ್ದೇ.

4. 2023 ನವೆಂಬರ್: ಸರದಿ ಕಾವಲು, 19 ದಿನ

ಈ ಹಂತದಲ್ಲಿ ಕಲಿತಷ್ಟು ಬೇರೆಲ್ಲೂ ಕಲಿಯಲಿಲ್ಲ.

ದನ ಕಾಯಲು ಹಣ ಕೊಡುವುದು ಬೇಡ, ಸರದಿ ಹಾಕೋಣ ಎಂದು ನಿರ್ಧರಿಸಿದೆವು. ಸೋಮವಾರದಿಂದ ಶುಕ್ರವಾರ ಐದು ಮನೆಯವರು, ಶನಿವಾರ ಭಾನುವಾರ ಸ್ವಯಂಸೇವಕರು. ಕಾಗದದ ಮೇಲೆ ಚೆನ್ನಾಗಿತ್ತು. ಅಡಿಕೆ ಕೊಯ್ಲಿನ ಕಾಲ, ಒಂದು ಮನೆಯವರು ಬರಲಿಲ್ಲ, ಇನ್ನೊಂದು ಮನೆಯವರು ಶಾಲೆಯ ಹುಡುಗನನ್ನು ಕಳಿಸಿದರು. ದನಗಳಿಗೂ ದಿನಕ್ಕೊಬ್ಬ ಹೊಸ ಕಾವಲುಗಾರನ ದನಿ ಗುರುತಾಗಲಿಲ್ಲ. ಹತ್ತೊಂಬತ್ತನೆಯ ದಿನ, ಭಾನುವಾರ, ಇಬ್ಬರು ಹುಡುಗರು ಬುತ್ತಿ ಬಿಚ್ಚಿ ಕೂತ ಅರ್ಧ ಗಂಟೆಯಲ್ಲಿ ಆರು ದನ ಪಕ್ಕದ ತೋಟಕ್ಕೆ ಇಳಿದವು. 31 ಬಾಳೆ ಕಂದು, 8 ಮೆಣಸಿನ ಬಳ್ಳಿ. ತೋಟದವರು ಏರುದನಿಯಲ್ಲಿ ಮಾತಾಡಲಿಲ್ಲ. "ದೊಡ್ಡಿಗೆ ಹೊಡೆಯುತ್ತಿದ್ದೆ, ನಿಮ್ಮ ಅಪ್ಪಯ್ಯನ ಮುಖ ನೋಡಿ ಬಿಟ್ಟೆ" ಎಂದರು. ಅದೇ ಹೆಚ್ಚು ನಾಟಿತು. 2,400 ರೂ. ಕೊಟ್ಟೆ.

ಮರುದಿನದಿಂದ ಕಾಯುವವರನ್ನು ಹುಡುಕಿದೆ. ಯಲ್ಲಾಪುರದ ಕಡೆಯ ಒಂದು ಗೌಳಿ ಕುಟುಂಬದಲ್ಲಿ ಕೇಳಿದೆ. ಅವರಿಗೆ ಅವರ ಎಮ್ಮೆಗಳೇ ಸಾಕಷ್ಟಿದ್ದವು, ಮಗ ಗೋವಾದಲ್ಲಿ ಕೆಲಸಕ್ಕಿದ್ದ. ಕೊನೆಗೆ ಒಪ್ಪಿದವರು ನಮ್ಮೂರಿನವರೇ, 68 ವರ್ಷದ ಹಿರಿಯರು. ನಾವು ಅವರನ್ನು ಗೌಡರು ಎಂದೇ ಕರೆಯುತ್ತೇವೆ. ನನ್ನ ಖಂಡದ ನಕ್ಷೆ, ಬೇಲಿ, ಎಲ್ಲವನ್ನೂ ನೋಡಿ ಅವರು ಹೇಳಿದ್ದು ಇಷ್ಟು: "ಅಮ್ಮಾ, ತಂತಿ ಇರಲಿ. ಹಿಂದೆ ಒಬ್ಬ ಇದ್ದರೆ ದನ ಎಲ್ಲಿ ಬಾಯಿ ಹಾಕಬೇಕೋ ಅಲ್ಲೇ ಹಾಕುತ್ತದೆ." ತಿಂಗಳಿಗೆ 9,000 ರೂ., ಮಧ್ಯಾಹ್ನದ ಊಟ, ವರ್ಷಕ್ಕೊಂದು ಕಂಬಳಿ. 2023 ಡಿಸೆಂಬರ್ 1ರಿಂದ ಬಂದರು.

ಒಂದು ದಿನ ಪೂರ್ತಿ ಅವರ ಹಿಂದೆ ನಡೆದೆ. ಅವರು ದನಗಳನ್ನು ಹೊಡೆಯುವುದಿಲ್ಲ, ಪಕ್ಕಕ್ಕೆ ನಿಲ್ಲುತ್ತಾರೆ. ಮುಂದಿನ ಹಸು ಹುಲ್ಲು ಸವೆದ ಕಡೆ ತಿರುಗಿದರೆ ಇವರು ಆ ದಿಕ್ಕಿನಲ್ಲಿ ಹತ್ತು ಹೆಜ್ಜೆ ಮೊದಲೇ ಹೋಗಿ ಕೋಲೂರಿ ನಿಂತಿರುತ್ತಾರೆ. ಹಸು ತಾನಾಗಿ ಬೇರೆ ಕಡೆ ಹೊರಳುತ್ತದೆ. ಬೆಳಿಗ್ಗೆ ಇಬ್ಬನಿ ಇರುವಾಗ ಎತ್ತರದ ಒಣ ಭಾಗ, ಬಿಸಿಲೇರಿದ ಮೇಲೆ ಮತ್ತಿ ಮರದ ಕಡೆಯ ಇಳಿಜಾರು. ಹುಲ್ಲು ಗೇಣುದ್ದ ಇದ್ದ ಕಡೆಗೆ ಮಾತ್ರ ಬಿಡುವುದು, ನಾಲ್ಕು ಬೆರಳಿಗೆ ಇಳಿದರೆ ಅಲ್ಲಿಂದ ಎಬ್ಬಿಸುವುದು. ನಾನು 19,850 ರೂಪಾಯಿಯ ತಂತಿಯಿಂದ ಮಾಡಿಸಲು ಹೊರಟಿದ್ದು ಇದನ್ನೇ.

5. 2024 ಜನವರಿಯಿಂದ ಮೇ: ಉಣುಗು

2024ರ ಆರಂಭದಲ್ಲಿ ಸಿದ್ದಾಪುರ ತಾಲ್ಲೂಕಿನಲ್ಲಿ ಮಂಗನ ಕಾಯಿಲೆ ಹರಡಿ ಸಾವುಗಳಾದವು. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ರೋಗ ಇದು. ಹರಡುವುದು ಉಣುಗು (ಉಣ್ಣೆ). ದನಕ್ಕೆ ಈ ಕಾಯಿಲೆ ಬರುವುದಿಲ್ಲ, ಆದರೆ ಬೆಳೆದ ಉಣುಗುಗಳಿಗೆ ರಕ್ತ ಕೊಟ್ಟು ಅವುಗಳ ಸಂತಾನ ಹೆಚ್ಚಿಸುತ್ತದೆ. ಮೇಯಿಸಿ ಪ್ರಕೃತಿ ಉಳಿಸುತ್ತೇವೆ ಎನ್ನುವವರು ಮಲೆನಾಡಿನಲ್ಲಿ ಈ ಮಾತನ್ನು ಮುಚ್ಚಿಡಬಾರದು.

ನಾವು ಮಾಡಿದ್ದು: ಮೇ ಕೊನೆಯವರೆಗೆ ಸ್ವಯಂಸೇವಕರನ್ನು ಕರೆಯುವುದನ್ನು ಪೂರ್ತಿ ನಿಲ್ಲಿಸಿದೆವು. ಗೌಡರಿಗೆ ತುಂಬುತೋಳಿನ ಅಂಗಿ, ಉಣುಗು ಹತ್ತದಂತೆ ಮೈಗೆ ಹಚ್ಚಲು ಆರೋಗ್ಯ ಕೇಂದ್ರದಲ್ಲಿ ಕೊಡುವ ಡೆಪಾ ತೈಲ, ಸಂಜೆ ಬಿಸಿನೀರಿನ ಸ್ನಾನ, ಬಟ್ಟೆಯೂ ಬಿಸಿನೀರಿಗೆ. ದರಕಿನ (ಉದುರಿದ ಒಣ ಎಲೆಯ) ಮೇಲೆ ಕೂರುವಂತಿಲ್ಲ. ದನಗಳಿಗೆ ಪಶುವೈದ್ಯರು ಬರೆದುಕೊಟ್ಟ ಔಷಧಿ. ದಿನವೂ ಸಂಜೆ ಕೊಟ್ಟಿಗೆಯಲ್ಲಿ ಕಿವಿಯೊಳಗೆ, ಕೆಚ್ಚಲ ಸಂದಿಯಲ್ಲಿ, ಬಾಲದ ಬುಡದಲ್ಲಿ ನೋಡಿ ಚಿಮಟದಿಂದ ಉಣುಗು ತೆಗೆದು ಸೀಮೆಎಣ್ಣೆಯ ಡಬ್ಬಿಗೆ ಹಾಕುವುದು. ಬರಿಗೈಯಲ್ಲಿ ಮುಟ್ಟಬಾರದು, ಹಿಸುಕಲೇಬಾರದು. ಮೊದಲ ವಾರ ಒಂದು ಹಸುವಿನ ಮೈಮೇಲೆ ಒಂದೇ ಸಂಜೆ 40 ಸಿಕ್ಕವು.

6. 2024 ಜೂನ್‌ನಿಂದ ಸೆಪ್ಟೆಂಬರ್: ಕೀಳುವ ಕೆಲಸ

ಕಾಯಿಲೆಯ ಭಯದಿಂದ ಮಳೆಗಾಲಕ್ಕೆ ತಳ್ಳಿದ ಕೆಲಸ ನಮಗೆ ಸರಿಯಾದ ಕಾಲವನ್ನೇ ತೋರಿಸಿತು. ನಾಲ್ಕು ದಿನ ಮಳೆ ಬಿದ್ದ ನೆಲದಲ್ಲಿ ಯುಪಟೋರಿಯಂ ಬುಡ ಎರಡು ಕೈಯ ಎಳೆತಕ್ಕೆ ಬರುತ್ತದೆ. ಹಳೆಯ ದಪ್ಪ ಬುಡಕ್ಕೆ ಮಾತ್ರ ಪಿಕಾಸಿ ಬೇಕು. ಹೂವಿಗೆ ಇನ್ನೂ ತಿಂಗಳುಗಳಿರುವುದರಿಂದ ಬೀಜದ ಭಯವೂ ಇಲ್ಲ. ಕಿತ್ತದ್ದನ್ನು ಬೇರು ಮೇಲಾಗಿ ರಾಶಿ ಹಾಕಬೇಕು. ಬೇರಿಗೆ ಮಣ್ಣು ತಾಗಿದರೆ ಮತ್ತೆ ಚಿಗುರುತ್ತದೆ.

ಎಂಟು ಭಾನುವಾರ, ಸರಾಸರಿ 9 ಜನ. ಉಂಬಳದ (ಜಿಗಣೆಯ) ಕಾಟಕ್ಕೆ ಮೂವರು ಮತ್ತೆ ಬರಲಿಲ್ಲ. ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದ ಮೇಲೆ ಎರಡು ಭಾನುವಾರ ಯಾರನ್ನೂ ಕರೆಯಲಿಲ್ಲ. ಆ ಮಳೆಯಲ್ಲಿ ಹುಡುಗರನ್ನು ಘಟ್ಟ ಹತ್ತಿ ಬನ್ನಿ ಎನ್ನುವ ಧೈರ್ಯ ನನಗಿರಲಿಲ್ಲ.

ದನಗಳನ್ನು ಈ ಸಲ ಅಕ್ಟೋಬರ್ 1ರವರೆಗೆ ಒಳಗೆ ಬಿಡಲಿಲ್ಲ. ಅಷ್ಟೂ ದಿನ ಅವು ಆಯಾ ಮನೆಯ ಕೊಟ್ಟಿಗೆಯಲ್ಲೇ ಇದ್ದವು, ಕೊಯ್ದ ಹುಲ್ಲು ಹಾಕಿದೆವು. ಆಮೇಲೂ ಕರಡದ ಭಾಗವನ್ನು ಬಿಟ್ಟು ಮೇಯಿಸಿ, ದೀಪಾವಳಿ ಕಳೆದು ಕರಡ ಕೊಯ್ದ ಮೇಲೆ ಅಲ್ಲಿಗೂ ಬಿಟ್ಟೆವು.

ಅಕ್ಟೋಬರ್ ಕೊನೆಯ ಎಣಿಕೆ: ಕಿತ್ತು ಮೇಯಿಸಿದ ಭಾಗದಲ್ಲಿ ಚದರ ಮೀಟರಿಗೆ 1.3 ಬುಡ. ಕಿತ್ತರೂ ದನ ಹತ್ತಲಾಗದ ಹಳ್ಳದಂಚಿನ ಕಡಿದಾದ 10 ಗುಂಟೆಯಲ್ಲಿ 3.6, ಎಲ್ಲ ಹೊಸ ಸಸಿಗಳು. ಏನೂ ಮಾಡದ ಮೂಲೆಯಲ್ಲಿ 4.8.

7. ಲೆಕ್ಕ: 2023 ಡಿಸೆಂಬರಿನಿಂದ 2024 ನವೆಂಬರ್

ಖರ್ಚು. ಗೌಡರ ಸಂಬಳ, ಡಿಸೆಂಬರಿನಿಂದ ಮೇ ಮತ್ತು ಅಕ್ಟೋಬರ್, ನವೆಂಬರ್, 8 ತಿಂಗಳಿಗೆ 72,000. ಔಷಧಿ 3,800. ಉಪ್ಪು, ಖನಿಜ ಮಿಶ್ರಣ 1,900. ಸ್ವಯಂಸೇವಕರ ಊಟ, ವಾಹನ, ಕೈಗವಸು 11,400. ದರಕು ಗುಡಿಸಿದ ಕೂಲಿ 2,400. ಚೀಲ, ದಾರ 900. ಒಟ್ಟು 92,400 ರೂ.

ಆದಾಯ. ಗೊಬ್ಬರ 10 ಪಿಕಪ್ ಲೋಡ್, 4,000ದಂತೆ 40,000 (ಇದರಲ್ಲಿ 3 ಲೋಡ್ ನಮ್ಮ ತೋಟಕ್ಕೇ ಹೋಯಿತು, ಅದಕ್ಕೂ ಅದೇ ದರ ಕಟ್ಟಿ ಹಣ ಹಾಕಿದ್ದೇನೆ). 10 ಕಿಲೋ ಗೊಬ್ಬರದ ಚೀಲ 140, 80ರಂತೆ 11,200. ಕರಡ 180 ಹೊರೆ, 50ರಂತೆ 9,000. ನಾಲ್ಕು ಮನೆಯವರು ದನಕ್ಕೆ ತಿಂಗಳಿಗೆ 150ರಂತೆ ಕೊಟ್ಟದ್ದು 10,800. ಒಟ್ಟು 71,000 ರೂ.

ಕೊರತೆ 21,400. ಮೊದಲ ವರ್ಷ ಕಡಿತ, ಬೇಲಿ, ಪರಿಹಾರಕ್ಕೆ ಹೋದ 29,850 ಇದರಲ್ಲಿ ಸೇರಿಲ್ಲ.

ಹಾಲನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. ಗಿಡ್ಡ ಹಸು ಕೊಡುವ ಒಂದೆರಡು ಲೀಟರ್ ಕರು ಕುಡಿದು ಮನೆಗೆ ಆಗುವಷ್ಟೇ. ಈ ಲೆಕ್ಕ ನಿಲ್ಲುವುದು ಸಗಣಿಯ ಮೇಲೆ. ರಾತ್ರಿ 14 ದನ ಒಂದೇ ಕೊಟ್ಟಿಗೆಯಲ್ಲಿ ನಿಂತರೆ ದನಕ್ಕೆ ಮೂರೂವರೆ ಕಿಲೋದಂತೆ ಸುಮಾರು 49 ಕಿಲೋ. ಅದಕ್ಕಾಗಿಯೇ ಆ ಎಂಟು ತಿಂಗಳು ಎಲ್ಲ ದನಗಳೂ ನಮ್ಮ ಕೊಟ್ಟಿಗೆಯಲ್ಲೇ ಮಲಗಬೇಕೆಂದು ಮಾತಾಡಿಕೊಂಡಿದ್ದು. ದನಗಳನ್ನು ಅವರವರ ಮನೆಗೆ ಬಿಟ್ಟಿದ್ದರೆ ಗೊಬ್ಬರವೂ ಅಲ್ಲೇ ಉಳಿದು ಗೌಡರ ಸಂಬಳಕ್ಕೆ ದಾರಿಯೇ ಇರುತ್ತಿರಲಿಲ್ಲ.

ಸ್ವಯಂಸೇವೆಯ ಲೆಕ್ಕವನ್ನೂ ಬಿಡಿಸಿ ನೋಡಿದೆ. ಒಟ್ಟು 72 ಆಳು-ದಿನ. ಕೂಲಿಯವರು ದಿನಕ್ಕೆ 2 ಗುಂಟೆ ಕಿತ್ತರೆ ಸ್ವಯಂಸೇವಕರು 1.2 ಗುಂಟೆ. ಅಂದರೆ 86 ಗುಂಟೆ, 43 ಕೂಲಿ ದಿನಕ್ಕೆ ಸಮ. 450ರಂತೆ 19,350 ರೂ. ಕೂಲಿ ಉಳಿಯಿತು, ಅವರಿಗಾಗಿ ಖರ್ಚಾದದ್ದು 11,400. ನಿಜವಾದ ಉಳಿತಾಯ 7,950. ಮೊದಲು ಈ ಸಂಖ್ಯೆ ನೋಡಿ ಬೇಸರವಾಯಿತು. ಆದರೆ ಆ 140 ಚೀಲಗಳನ್ನು ಮಾರಿದವರು ಅವರೇ. ಶಿರಸಿ ಪೇಟೆಯಲ್ಲಿ ತಾರಸಿ ತೋಟ ಮಾಡುವವರ ಮನೆಗಳಿಗೆ ಸ್ಕೂಟರಿನಲ್ಲಿ ಚೀಲ ಮುಟ್ಟಿಸಿದವರು ಎಣಿಕೆಯ ಐವರಲ್ಲಿ ಇಬ್ಬರು ಹುಡುಗಿಯರು. ಪಿಕಪ್ಪಿನಲ್ಲಿ ಕಿಲೋಗೆ ಐದು ರೂಪಾಯಿಯೂ ಗಿಟ್ಟದ ಗೊಬ್ಬರ ಅವರ ಕೈಯಲ್ಲಿ ಎಂಟಕ್ಕೆ ಹೋಯಿತು. ಆ 11,200 ರೂ. ಗೌಡರ ಒಂದು ತಿಂಗಳ ಸಂಬಳಕ್ಕಿಂತ ಹೆಚ್ಚು. ಸ್ವಯಂಸೇವಕರು ದಿನವೂ ದನದ ಹಿಂದೆ ನಡೆಯಲಾರರು, ಅದನ್ನು ಅವರಿಂದ ಕೇಳಿದ್ದೇ ತಪ್ಪು. ನಡೆಯುವವರ ಸಂಬಳ ಹುಟ್ಟಿಸಲು ಅವರಿಂದ ಆಗುತ್ತದೆ.

8. ಈಗ ನಿಂತಿರುವುದು ಎಲ್ಲಿ

ಮನೆಯವರ ಪಾಲನ್ನು ದನಕ್ಕೆ 250ಕ್ಕೆ ಏರಿಸಿದರೆ 7,200 ಹೆಚ್ಚು ಬರುತ್ತದೆ. ಚೀಲ 140ರಿಂದ 300ಕ್ಕೆ ಹೋದರೆ 12,800. ಎರಡೂ ಆದರೆ ಕೊರತೆ ಬಹುಪಾಲು ಮುಚ್ಚುತ್ತದೆ. ಚೀಲ ಸಾಧ್ಯ ಎಂದು ಹುಡುಗಿಯರು ಹೇಳುತ್ತಾರೆ. 250 ಎಂದರೆ ದನ ಕೊಟ್ಟುಬಿಡುತ್ತೇವೆ ಎಂದು ಎರಡು ಮನೆಯವರು ಹೇಳಿದ್ದಾರೆ. ಅವರಲ್ಲಿರುವುದು ಐದು ದನ. ಅಷ್ಟು ದನ ಹೋದರೆ ಸಗಣಿ ಮೂರರಲ್ಲಿ ಒಂದು ಪಾಲು ಕಡಿಮೆಯಾಗುತ್ತದೆ, ಗೌಡರ ಸಂಬಳ ಮಾತ್ರ ಅಷ್ಟೇ ಇರುತ್ತದೆ. ಹಾಗಾಗಿ ಏರಿಸಿಲ್ಲ.

ಗೌಡರಿಗೆ ಮಂಡಿನೋವು. ಮೇ ಕೊನೆಯವರೆಗೆ ಬರುತ್ತೇನೆ, ಆಮೇಲೆ ಬೇರೆಯವರನ್ನು ನೋಡಿಕೊಳ್ಳಿ ಎಂದಿದ್ದಾರೆ. ಹೊಸಬರು ಸಿಕ್ಕರೆ ಎರಡು ತಿಂಗಳು ಜೊತೆಗೆ ನಡೆದು ಕಲಿಸಲು ಒಪ್ಪಿದ್ದಾರೆ. ಆ ಎರಡು ತಿಂಗಳು ಇಬ್ಬರಿಗೂ ಸಂಬಳ ಕೊಡಬೇಕು, ಅದಕ್ಕಾಗಿ 18,000 ರೂ. ಬೇರೆ ಎತ್ತಿಟ್ಟಿದ್ದೇನೆ. ಎಣಿಕೆಗೆ ಬರುವ ಹುಡುಗಿಯೊಬ್ಬಳು ಅವರಿಂದ ಕೇಳಿ ಒಂದು ನೋಟು ಪುಸ್ತಕದಲ್ಲಿ ಬರೆಯುತ್ತಿದ್ದಾಳೆ: ಯಾವ ಹಸು ಮುಂದಾಳು, ಯಾವುದು ತೋಟದ ಕಡೆ ಕಣ್ಣು ಹಾಕುತ್ತದೆ, ಯಾವ ತಿಂಗಳು ಯಾವ ಇಳಿಜಾರು, ಹಳ್ಳದ ನೀರು ಬತ್ತಿದ ಮೇಲೆ ಎಲ್ಲಿ ಕುಡಿಸಬೇಕು. ಇವತ್ತಿಗೆ 31 ಪುಟವಾಗಿದೆ. ಏಪ್ರಿಲ್ 1ರಿಂದ ನಡೆಯಲು ಒಬ್ಬರು ಬೇಕು. ಸಂಬಳ 9,000 ರೂ., ಮಧ್ಯಾಹ್ನದ ಊಟ, ಒಂದು ಕಂಬಳಿ.